ಭೀಮಾತೀರದ ವಿದ್ಯಾಪರಂಪರೆಯಲ್ಲಿ ಮಾತು ಮತ್ತು ಮುಂದಾಳುತನ

ಆಳಂದ ಸೀಮೆಯ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಜೇವರ್ಗಿಯ ನೆಲವನ್ನು ಸವರಿಕೊಂಡು ಸನ್ನತಿಯತ್ತ ಸಾಗುತ್ತಾಳೆ. ಈ ಮೂರು ತಾಲೂಕುಗಳನ್ನು ತೊಗರಿ, ಜೋಳ ಬೆಳೆಯುವ ಒಣಭೂಮಿಯೆಂದೇ ಜನರು ಬಲ್ಲರು. ಇಂದು ಇಲ್ಲಿ ವಿಶ್ವವಿದ್ಯಾಲಯವೂ ಇದೆ. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯಿದೆಯಂತೆ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿದೆ. ಅದಕ್ಕೂ ಮುಂಚೆ, 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದ ಸಂಸ್ಥೆಯು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು.

ದೇಶದ ವಿಶ್ವವಿದ್ಯಾಲಯಗಳಲ್ಲಿ ಈಗ ಪದವಿಯ ವಿಷಯಗಳ ಜೊತೆಗೆ ಸಂವಹನ ಕೌಶಲ, ನಾಯಕತ್ವ ಕೌಶಲ ಎಂಬ ಪಾಠಗಳನ್ನೂ ಸೇರಿಸಲಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ‘ಜೀವನ ಕೌಶಲ’ ಎಂಬ ಪಠ್ಯಕ್ರಮವನ್ನು ಸಿದ್ಧಪಡಿಸಿ, ಸಂವಹನ, ವೃತ್ತಿಕೌಶಲ, ನಾಯಕತ್ವ ಮತ್ತು ನಿರ್ವಹಣೆ, ಸಾರ್ವತ್ರಿಕ ಮಾನವ ಮೌಲ್ಯ ಎಂಬ ನಾಲ್ಕು ಪಾಠಗಳಿಗೆ ತಲಾ ಎರಡು ಕ್ರೆಡಿಟ್ ಗೊತ್ತುಪಡಿಸಿತು. (ಕ್ರೆಡಿಟ್ ಎಂದರೆ ಕಿರ್ದಿ ಬರೆಯುವ ವಣಿಕರಿಗೆ ಜಮಾ, ಜಮಾ ಇದ್ದಲ್ಲಿ ಖರ್ಚಿನ ಬಾಜೂ ಇರಲೇಬೇಕಷ್ಟೆ.) ಇದನ್ನು ಪಾಶ್ಚಾತ್ಯ ವ್ಯಾಪಾರ ಶಾಲೆಗಳಿಂದ ಬಂದ ಹೊಸ ಸರಕೆಂದು ಅನೇಕರು ಭಾವಿಸಿದ್ದಾರೆ. ಇದೇ ಜಿಲ್ಲೆಯ ಕಲ್ಲುಗಳನ್ನು ಓದಿದವರಿಗೆ ಹಾಗೆ ತೋರದು.

ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯೊಂದರ ಮೇಲೆ ಅಶೋಕನ ಶಾಸನವಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವಿದೆ. ತನ್ನ ಮತವನ್ನು ಹೊಗಳಿ ಪರಮತವನ್ನು ಅಕಾರಣವಾಗಿ ಹಳಿಯಬಾರದು, ಒಬ್ಬರು ಮತ್ತೊಬ್ಬರ ಧರ್ಮವನ್ನು ಕೇಳಿ ತಿಳಿಯಬೇಕು ಎಂಬುದು ಆ ಶಾಸನದ ಆಶಯ. ಈ ಸಂಯಮಕ್ಕೆ ಅಲ್ಲಿ ಬಳಕೆಯಾಗಿರುವ ಪ್ರಾಕೃತ ಪದವು ಜೈನಾಗಮದ ‘ವಚನಗುಪ್ತಿ’ಯ ಒಡಹುಟ್ಟು. ಅದೇ ಶಿಲೆಯ ಇನ್ನೊಂದು ಮಗ್ಗುಲಲ್ಲಿ ಅಧಿಕಾರಿಗಳನ್ನು ಕುರಿತ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಕಳಿಂಗದ ಧೌಲಿ ಮತ್ತು ಜೌಗಡದ ಪಾಠಗಳಿಂದ ಅವುಗಳ ತಿರುಳು ಸ್ಪಷ್ಟವಾಗುತ್ತದೆ: ಆಳುವವನಲ್ಲಿ ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಆಲಸ್ಯಗಳು ಇರಕೂಡದು, ಶಾಸನವನ್ನು ನಿಗದಿತ ದಿನಗಳಲ್ಲಿ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಒಬ್ಬನೇ ಶ್ರೋತೃವಿಗಾಗಿ ರಾಜಾಜ್ಞೆಯನ್ನು ಓದುವ ಈ ವಿಧಿಯಲ್ಲಿ ಸಂವಹನದ ಮರ್ಮವೆಲ್ಲವೂ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಸಾವಿರ ವರ್ಷಗಳ ತರುವಾಯ ಕಾಗಿಣಾ ನದಿಯ ದಂಡೆಯ ಮಾನ್ಯಖೇಟವು, ಎಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡವು, ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯಿತು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಕಾವ್ಯಲಕ್ಷಣದ ಗ್ರಂಥವಾದರೂ, ಬಹುಮಟ್ಟಿಗೆ ಅದು ಮಾತಿನ ದೋಷ-ಗುಣಗಳ ವಿಚಾರವೇ ಆಗಿದೆ. ವಿಶೇಷವೆಂದರೆ, ಸಂಸ್ಕೃತವು ವಿದ್ವತ್ತಿನ ಭಾಷೆಯಾಗಿದ್ದ ಕಾಲದಲ್ಲಿ ಈ ವಿಚಾರವನ್ನು ಕನ್ನಡದಲ್ಲಿ, ಕನ್ನಡಿಗರ ಮಾತಿನ ಜಾಣ್ಮೆಯನ್ನು ಮೆಚ್ಚಿ, ಮಾಡಲಾಯಿತು.

ಅದೇ ಸಾಮ್ರಾಜ್ಯದ ಛಾಯೆಯಲ್ಲಿ, ಮೂರನೆಯ ಕೃಷ್ಣನ ಕಾಲದಲ್ಲಿ, ಸೋಮದೇವಸೂರಿಗಳು ಇದ್ದರು. ಅವರ ಯಶಸ್ತಿಲಕವು ಕ್ರಿ.ಶ. 959ರಲ್ಲಿ ಮುಗಿಯಿತು. ಅವರ ಮತ್ತೊಂದು ಕೃತಿಯಾದ ನೀತಿವಾಕ್ಯಾಮೃತವನ್ನು ನಮ್ಮ ಮನೆಗಳಲ್ಲಿ ಓದುವವರು ವಿರಳ. ದಿಗಂಬರ ಮುನಿಗಳು ರಾಜನೀತಿಯನ್ನು ಸೂತ್ರರೂಪವಾಗಿ ಹೇಳಿದ ಈ ಗ್ರಂಥದಲ್ಲಿ ಮಂತ್ರಿ, ಸೇನಾಪತಿ, ದೂತ ಮೊದಲಾದವರ ಲಕ್ಷಣಗಳು ಬೇರೆ ಬೇರೆ ಸಮುದ್ದೇಶಗಳಲ್ಲಿ ಬರುತ್ತವೆ. ಪೂರ್ಣಾಧಿಕಾರವುಳ್ಳವನು, ಮಿತಾಧಿಕಾರವುಳ್ಳವನು, ಪತ್ರವನ್ನು ಒಯ್ಯುವವನು ಎಂದು ದೂತನಲ್ಲಿ ಮೂರು ತೆರ. ತನಗೆ ಎಷ್ಟು ಮಾತನಾಡುವ ಅಧಿಕಾರವಿದೆಯೆಂದು ಅರಿಯುವುದೇ ದೂತನ ಮೊದಲ ಪಾಠವೆಂಬುದು ಈ ವಿಭಾಗದಿಂದ ಹೊರಡುವ ಅರ್ಥ. ದೇವಸ್ಥಾನದ ಟ್ರಸ್ಟಿನ ಪರವಾಗಿ ಸರಕಾರಿ ಕಚೇರಿಗೆ ಹೋಗುವ ಕಾರ್ಯದರ್ಶಿಗೂ ಇದು ಅನ್ವಯಿಸುತ್ತದೆ.

ವಿದ್ಯಾಲಯವೆಂಬ ಹೆಸರಿಗೆ ಪೂರ್ಣವಾಗಿ ಒಪ್ಪುವುದು ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ 1058ರ ಶಾಸನವು ಇಲ್ಲಿನ ವ್ಯವಸ್ಥೆಯನ್ನು ಲೆಕ್ಕದ ಪುಸ್ತಕದಂತೆ ವಿವರಿಸುತ್ತದೆ. ದಂಡನಾಯಕ ಮಧುಸೂದನನು ಸ್ಥಾಪಿಸಿದ ಈ ಶಾಲೆಯಲ್ಲಿ ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು ಸುಮಾರು 50 ಮಂದಿ, ಗ್ರಂಥಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ಇದು ವೈದಿಕ ವಿದ್ಯೆಯ ಸ್ಥಾನವಾದರೂ ಜೈನರು ಮನಸಾರೆ ಮೆಚ್ಚಬೇಕಾದ ಸಂಗತಿಯೊಂದು ಇಲ್ಲಿದೆ. ಮೀಮಾಂಸೆಯಲ್ಲಿ ಪರಸ್ಪರ ಖಂಡಿಸುವ ಭಾಟ್ಟ ಮತ್ತು ಪ್ರಾಭಾಕರ ಪಂಥಗಳೆರಡಕ್ಕೂ ಅಲ್ಲಿ ಉಪಾಧ್ಯಾಯರು ಇದ್ದರು. ಎದುರುಪಕ್ಷಕ್ಕೂ ಗುರುವನ್ನೂ ಜೀವಿತವನ್ನೂ ಒದಗಿಸಿದ ಶಾಲೆಯದು. ಪೂರ್ವಪಕ್ಷವನ್ನು ಅದರ ಪರ ನಿಂತವನೇ ಒಪ್ಪುವಷ್ಟು ನ್ಯಾಯವಾಗಿ ಹೇಳಿ, ಅನಂತರ ಉತ್ತರಕ್ಕೆ ತೊಡಗುವುದು ಭಾರತೀಯ ಶಾಸ್ತ್ರಪದ್ಧತಿಯ ನಡೆ. ಸ್ಯಾದ್ವಾದವು ಅದಕ್ಕೆ ತಾತ್ವಿಕ ತಳಹದಿಯನ್ನೂ ಕೊಟ್ಟಿತು.

ಆದರೆ ನಮ್ಮವರು ಈ ಮಾರ್ಗದಿಂದ ಜಾರಲೇ ಇಲ್ಲವೆನ್ನುವಂತಿಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಅಕಲಂಕದೇವರ ಮತ್ತಿತರ ಆಚಾರ್ಯರ ವಾದವಿಜಯಗಳನ್ನು ಬಣ್ಣಿಸುತ್ತದೆ. ವಾದಿರಾಜ, ವಾದೀಭಸಿಂಹ ಮುಂತಾದ ಹೆಸರುಗಳು ಆ ಯುಗದ ಅಭಿರುಚಿಗೆ ಸಾಕ್ಷಿ. ಎದುರಾಳಿಯನ್ನು ಆನೆಯೆಂದೂ ತನ್ನನ್ನು ಸಿಂಹವೆಂದೂ ಕರೆದುಕೊಳ್ಳುವ ವಾಗ್ಮಿಯು ವಚನಗುಪ್ತಿಯಿಂದ ಎಷ್ಟು ದೂರ ನಡೆದಿರಬಹುದು!

ಇತಿಹಾಸದ ಈ ಸರಣಿ ನಡುವೆ ಕಡಿದುಹೋಯಿತು. ಕಲಬುರಗಿಯು ನಿಜಾಮರ ರಾಜ್ಯಕ್ಕೆ ಸೇರಿದ್ದಾಗ ಆಡಳಿತದ ಭಾಷೆಯೂ ಉನ್ನತ ವಿದ್ಯೆಯ ಭಾಷೆಯೂ ಉರ್ದುವಾಯಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಪ್ರಾರಂಭವಾಗಿತ್ತಾದರೂ, ಹಳ್ಳಿಯ ಹುಡುಗನಿಗೆ ಕಚೇರಿಯಲ್ಲಿ ಬಾಯಿ ತೆರೆಯಲು ಪರಭಾಷೆಯೇ ಬೇಕಾಗಿತ್ತು. 1948ರ ತರುವಾಯ ಆ ಸ್ಥಾನಕ್ಕೆ ಕ್ರಮೇಣ ಇಂಗ್ಲಿಷು ಬಂದಿತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75ನ್ನು ದಾಟಿದ್ದರೆ ಕಲಬುರಗಿ ಜಿಲ್ಲೆಯದು ಸುಮಾರು ಶೇ. 65. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ನೌಕರಿಯಲ್ಲಿಯೂ ಮೀಸಲು ಸ್ಥಾನಗಳು ಲಭಿಸಿರುವುದು ನಿಜ. ಸ್ಥಾನ ದೊರೆತವನು ಸಂದರ್ಶನದ ಕೊಠಡಿಯಲ್ಲಿ ಮೂಕನಾದರೆ ಅದರಿಂದೇನು ಪ್ರಯೋಜನ? ಆಳಂದದ ರೈತನ ಮಗಳು ಅಡತಿ ಅಂಗಡಿಯಲ್ಲಿ ತೊಗರಿಯ ದರದ ಬಗ್ಗೆ ತಂದೆಯ ಪರ ನಿಂತು ಕರಾರುವಾಕ್ಕಾಗಿ ವಾದಿಸಬಲ್ಲಳು. ಆಕೆಯೇ ತರಗತಿಯಲ್ಲಿ ಎದ್ದು ನಿಂತಾಗ ಮಾತು ಉಡುಗುತ್ತದೆ. ಆಕೆಯಲ್ಲಿ ಕೌಶಲ ಇಲ್ಲದಿಲ್ಲ. ಆ ಕೌಶಲವನ್ನು ಬಾರದ ಭಾಷೆಯಲ್ಲಿ ಅಳೆಯಲಾಗುತ್ತಿದೆ.

ಈ ಸಂದರ್ಭದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನೆನೆಯಬೇಕು. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾಮಿಗಳು ಅಲ್ಲಿ ಹೇಳಿದ್ದಾರೆ: ಕ್ರೋಧ, ಲೋಭ, ಭೀರುತ್ವ, ಹಾಸ್ಯ ಇವುಗಳ ತ್ಯಾಗ, ಮತ್ತು ವಿವೇಚಿಸಿ ಆಡುವ ಮಾತು. ಇಂದಿನ ಕೌಶಲ ತರಗತಿಗಳು ಹೆಚ್ಚಾಗಿ ಹೋಗಲಾಡಿಸಲು ಯತ್ನಿಸುವುದು ಈ ಐದರಲ್ಲಿ ಒಂದನ್ನು, ಸಭೆಯ ಭಯವನ್ನು. ಭಯವು ಹೋಗಿ ಲೋಭವು ಉಳಿದರೆ ಹುಟ್ಟುವವನು ಚತುರ ದಲ್ಲಾಳಿಯೇ ಹೊರತು ಮುಂದಾಳಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ದಸ್ತಾವೇಜು ಬರೆಯುವುದನ್ನೂ, ನಂಬಿ ಇಟ್ಟ ಠೇವಣಿಯನ್ನು ನುಂಗುವುದನ್ನೂ, ಪರರ ಗುಟ್ಟನ್ನು ಹೊರಹಾಕುವುದನ್ನೂ ಎಣಿಸಲಾಗಿದೆ. ಮಾತಿನ ವಿದ್ಯೆಯನ್ನೂ ವ್ಯವಹಾರದ ನಡತೆಯನ್ನೂ ಆಚಾರ್ಯರು ಒಂದೇ ವ್ರತದಲ್ಲಿ ಕಟ್ಟಿದರು. ಆಯೋಗದ ಪಠ್ಯಕ್ರಮವು ಮೌಲ್ಯಗಳನ್ನು ಕೈಬಿಟ್ಟಿಲ್ಲ, ಆಲಿಸುವುದನ್ನೂ ಮರೆತಿಲ್ಲ. ಆದರೆ ಮೌಲ್ಯಗಳಿಗೆ ಪ್ರತ್ಯೇಕ ಪಾಠ, ಪ್ರತ್ಯೇಕ ಜಮಾ. ಒಂದರಲ್ಲಿ ತೇರ್ಗಡೆಯಾದವನು ಇನ್ನೊಂದನ್ನು ಮನಸ್ಸಿಗೆ ಹಚ್ಚಿಕೊಳ್ಳದೆಯೂ ಪದವಿ ಪಡೆಯಬಹುದು.

ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ಈ ಪಾಠಗಳನ್ನು ನಡೆಸುವ ಅಧ್ಯಾಪಕರಿಗೆ ನಾಗಾವಿಯ ಕ್ರಮವು ಇಂದಿಗೂ ಉಪಯುಕ್ತ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಎದುರಿನವನ ಮಾತನ್ನು ಅವನು ಹೌದೆನ್ನುವಂತೆ ಮರಳಿ ಹೇಳಬೇಕು. ಆನಂತರವೇ ತನ್ನ ಮಾತು. ಈ ಅಭ್ಯಾಸವು ಮೊದಲ ವರ್ಷ ಕನ್ನಡದಲ್ಲಿಯೇ ನಡೆಯಲಿ, ಇಂಗ್ಲಿಷು ಎರಡನೆಯ ವರ್ಷಕ್ಕೆ ಬರಲಿ. ಬಸದಿಗಳ ಟ್ರಸ್ಟುಗಳ ವಾರ್ಷಿಕ ಸಭೆಗಳಲ್ಲಿ ಜಮಾಖರ್ಚನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯನ್ನು ಪದವಿ ತರಗತಿಯ ಹುಡುಗ ಹುಡುಗಿಯರಿಗೆ ವಹಿಸಬಹುದು. ಅದಕ್ಕೆ ಆಯೋಗದ ಅಪ್ಪಣೆಯಾಗಲಿ ಪ್ರತ್ಯೇಕ ಹಣವಾಗಲಿ ಬೇಕಿಲ್ಲ.