ಕುವೈತಿನ ರಕ್ಷಣಾ ವ್ಯವಸ್ಥೆಯ ಇತಿಹಾಸ

ಪರ್ಷಿಯನ್ ಕೊಲ್ಲಿಯ ವಾಯವ್ಯ ಮೂಲೆಯಲ್ಲಿರುವ ಕುವೈತ್ 17,818 ಚದರ ಕಿಲೋಮೀಟರ್ ವಿಸ್ತೀರ್ಣದ, ಅಮೀರರು ಆಳುವ ಪುಟ್ಟ ರಾಜ್ಯ. ಉತ್ತರಕ್ಕೂ ಪಶ್ಚಿಮಕ್ಕೂ ಇರಾಕ್, ದಕ್ಷಿಣಕ್ಕೆ ಸೌದಿ ಅರೇಬಿಯ, ಕೊಲ್ಲಿಯ ಆಚೆ ದಡದಲ್ಲಿ ಇರಾನ್. ಮೂರೂ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ದೇಶಗಳು. ಇವುಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ಎದುರಿಸಿ ಗೆಲ್ಲಬಲ್ಲ ಸೇನೆ ಕುವೈತಿಗೆ ಎಂದೂ ಇರಲಿಲ್ಲ. ಆದ್ದರಿಂದ ಬಲಿಷ್ಠ ಮಿತ್ರನೊಬ್ಬ ನೆರವಿಗೆ ಬರುವ ತನಕ ಶತ್ರುವನ್ನು ತಡೆದು ನಿಲ್ಲಿಸುವುದು, ಆ ಮಿತ್ರನು ಬಂದೇ ಬರುವಂತೆ ಮೊದಲೇ ಕಟ್ಟುಪಾಡು ಮಾಡಿಕೊಳ್ಳುವುದು, ಈ ಎರಡು ಎಳೆಗಳು ಅದರ ರಕ್ಷಣಾ ನೀತಿಯಲ್ಲಿ ನೂರಿಪ್ಪತ್ತು ವರ್ಷಗಳಿಂದ ಹೆಣೆದುಕೊಂಡಿವೆ.

ಭೌಗೋಳಿಕ ಹಿನ್ನೆಲೆ

ಕುವೈತಿನ ನೆಲ ಬಹುಮಟ್ಟಿಗೆ ಮಟ್ಟಸವಾದ ಮರಳುಗಾಡು. ನದಿಯಿಲ್ಲ, ಬೆಟ್ಟವಿಲ್ಲ, ರಾಜಧಾನಿಯ ವಾಯವ್ಯಕ್ಕಿರುವ ಮುತ್ಲಾ ದಿಬ್ಬವೊಂದೇ ಸೈನ್ಯ ನಿಂತು ಕಾದಾಡಬಹುದಾದ ಎತ್ತರದ ಜಾಗ. ಇರಾಕಿನ ಗಡಿಯಿಂದ ರಾಜಧಾನಿಗೆ ನೂರು ಕಿಲೋಮೀಟರಿನ ಆಸುಪಾಸು. ಟ್ಯಾಂಕುಗಳಿಗೆ ಅದು ಕೆಲವೇ ಗಂಟೆಗಳ ಹಾದಿ. ಜನವಸತಿಯ ಬಹುಪಾಲು ರಾಜಧಾನಿಯ ಸುತ್ತಲೇ ಇರುವುದರಿಂದ ಹಿಂದೆ ಸರಿದು ಹೋರಾಡಲು ಒಳನಾಡು ಎಂಬುದೇ ಇಲ್ಲ. ಈಶಾನ್ಯದ ಬುಬಿಯಾನ್ ಮತ್ತು ವರ್ಬಾ ದ್ವೀಪಗಳು ಇರಾಕಿನ ಉಮ್ ಕಸ್ರ್ ಬಂದರಿಗೆ ಹೋಗುವ ಜಲಮಾರ್ಗದ ಬಾಯಲ್ಲೇ ಇವೆ. ಕೊಲ್ಲಿಯಲ್ಲಿ ಕಿರಿದಾದ ಕರಾವಳಿ ಮಾತ್ರ ಇರುವ ಇರಾಕಿಗೆ ಈ ದ್ವೀಪಗಳ ಮೇಲೆ ಬಹುಕಾಲದಿಂದ ಕಣ್ಣು.

ಬ್ರಿಟಿಷ್ ಆಶ್ರಯ (1899-1961)

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುವೈತ್ ಹೆಸರಿಗೆ ಆಟೋಮನ್ ಸಾಮ್ರಾಜ್ಯದ ಅಂಚಿನಲ್ಲಿತ್ತು. ಆಳ್ವಿಕೆ ಅಲ್-ಸಬಾಹ್ ಮನೆತನದ ಶೇಖರ ಕೈಯಲ್ಲಿತ್ತು. ಆಟೋಮನ್ನರು ನೇರ ಹಿಡಿತ ಸಾಧಿಸಬಹುದೆಂಬ ಆತಂಕದಿಂದ ಶೇಖ್ ಮುಬಾರಕ್ 1899ರ ಜನವರಿ 23ರಂದು ಬ್ರಿಟನ್ನಿನೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಬ್ರಿಟಿಷ್ ಭಾರತ ಸರ್ಕಾರದ ಪರವಾಗಿ ಕೊಲ್ಲಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಾಲ್ಕಂ ಮೀಡ್ ಇದಕ್ಕೆ ಸಹಿ ಹಾಕಿದ. ಬ್ರಿಟಿಷರ ಒಪ್ಪಿಗೆಯಿಲ್ಲದೆ ತನ್ನ ನೆಲವನ್ನು ಬೇರೆ ಯಾರಿಗೂ ಮಾರುವುದಿಲ್ಲ, ಗೇಣಿಗೆ ಕೊಡುವುದಿಲ್ಲ, ಅನ್ಯ ರಾಷ್ಟ್ರಗಳ ಪ್ರತಿನಿಧಿಗಳನ್ನು ಬರಮಾಡಿಕೊಳ್ಳುವುದಿಲ್ಲ ಎಂದು ಶೇಖರು ಮಾತು ಕೊಟ್ಟರು. ಪ್ರತಿಯಾಗಿ ಅವರಿಗೆ ಸಂದದ್ದು 15,000 ರೂಪಾಯಿ ಮತ್ತು ಬ್ರಿಟಿಷರ ಸದ್ಭಾವದ ಭರವಸೆ. ಯುದ್ಧವಾದರೆ ಸೈನ್ಯ ಕಳಿಸುತ್ತೇವೆ ಎಂಬ ಖಚಿತ ಷರತ್ತು ಒಪ್ಪಂದದಲ್ಲಿ ಇರಲಿಲ್ಲ. ಆದರೂ ಬ್ರಿಟಿಷ್ ಯುದ್ಧನೌಕೆಗಳು ಬಂದರಿನ ಮುಂದೆ ಲಂಗರು ಹಾಕತೊಡಗಿದ ಮೇಲೆ ಹೊರಗಿನವರು ಕುವೈತಿನ ಮೇಲೆ ಕೈಯೆತ್ತುವ ಮುನ್ನ ಯೋಚಿಸಬೇಕಾಯಿತು. 1903ರಲ್ಲಿ ವೈಸರಾಯ್ ಕರ್ಜನ್ ಖುದ್ದಾಗಿ ಕುವೈತಿಗೆ ಭೇಟಿ ಕೊಟ್ಟ.

ಒಳನಾಡಿನ ಕಾಳಗಗಳಲ್ಲಿ ಮಾತ್ರ ಕುವೈತ್ ತನ್ನ ಜನರನ್ನೇ ನೆಚ್ಚಬೇಕಿತ್ತು. ಆಗ ಕಾಯಂ ಸೇನೆ ಇರಲಿಲ್ಲ. ಶೇಖರ ಅಂಗರಕ್ಷಕರು, ಪಟ್ಟಣದ ಗಂಡಸರು ಮತ್ತು ಮಿತ್ರ ಬುಡಕಟ್ಟುಗಳ ಬೆದೂಯಿನ್ ಸವಾರರು ಸೇರಿದರೆ ಅದೇ ಸೈನ್ಯ. 1901ರಲ್ಲಿ ಸರೀಫ್ ಎಂಬಲ್ಲಿ ಮುಬಾರಕರ ಪಡೆ ಹಾಯಿಲ್‌ನ ಅರಸ ಇಬ್ನ್ ರಶೀದನಿಂದ ಸೋತಿತು. 1920ರಲ್ಲಿ ನಜ್ದ್‌ನ ಅರಸ ಇಬ್ನ್ ಸೌದರ ಇಖ್ವಾನ್ ಪಡೆಗಳ ಭೀತಿ ಎದುರಾದಾಗ ಊರ ಜನರೆಲ್ಲ ಕೈಜೋಡಿಸಿ ಪಟ್ಟಣದ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದರು. ಅದೇ ವರ್ಷ ಅಕ್ಟೋಬರ್ 10ರಂದು ಫೈಸಲ್ ಅಲ್-ದುವೈಶ್‌ನ ನಾಯಕತ್ವದಲ್ಲಿ ಇಖ್ವಾನರು ಜಹ್ರಾ ಗ್ರಾಮದ ಮೇಲೆ ಬಿದ್ದರು. ಆಗಿನ ಅಮೀರ್ ಶೇಖ್ ಸಾಲಿಂ ತಮ್ಮವರೊಂದಿಗೆ ಅಲ್ಲಿನ ಕೆಂಪುಕೋಟೆ ಸೇರಿದರು. ಮಣ್ಣಿನ ಆ ಕೋಟೆಯೊಳಗೆ ಕುಡಿಯುವ ನೀರಿಗೂ ತತ್ವಾರವಿತ್ತು. ಹೊರಗಿನಿಂದ ಅಲೆಅಲೆಯಾಗಿ ನುಗ್ಗಿದ ದಾಳಿಕಾರರನ್ನು ಒಳಗಿನವರು ಗುಂಡಿನಿಂದ ಹಿಮ್ಮೆಟ್ಟಿಸುತ್ತಲೇ ಇದ್ದರು. ಅಷ್ಟರಲ್ಲಿ ಪಟ್ಟಣದಿಂದ ನೆರವು ಬಂತು, ಬ್ರಿಟಿಷರೂ ನಡುವೆ ಬಂದರು. ಇಖ್ವಾನರು ಹಿಂದಿರುಗಿದರು.

ಆಶ್ರಯದಾತನ ಲೆಕ್ಕಾಚಾರ ಆಶ್ರಿತನದಕ್ಕಿಂತ ಬೇರೆ ಎಂಬುದೂ ಬೇಗನೆ ತಿಳಿಯಿತು. 1922ರ ಉಕೈರ್ ಸಭೆಯಲ್ಲಿ ಗಡಿ ಗುರುತಿಸಿದ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್, ಕುವೈತ್ ತನ್ನದೆಂದು ಹೇಳುತ್ತಿದ್ದ ನೆಲದ ಸುಮಾರು ಮೂರನೇ ಎರಡು ಭಾಗವನ್ನು ಇಬ್ನ್ ಸೌದರಿಗೆ ಬಿಟ್ಟುಕೊಟ್ಟ. ಮಾತುಕತೆಯಲ್ಲಿ ಕುವೈತಿನ ಪರವಾಗಿ ಕುಳಿತವನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ. 1946ರಲ್ಲಿ ತೈಲದ ರಫ್ತು ಶುರುವಾದ ಮೇಲೆ ಪೊಲೀಸು ಹಾಗೂ ಗಡಿ ಕಾವಲು ಪಡೆಗಳು ಬೆಳೆದು, 1950ರ ದಶಕದಲ್ಲಿ ಆಧುನಿಕ ಸೇನೆ ರೂಪುಗೊಂಡಿತು. ಬ್ರಿಟನ್ನಿನಲ್ಲಿ ತರಬೇತಾದ ಮುಬಾರಕ್ ಅಬ್ದುಲ್ಲಾ ಅಲ್-ಜಾಬರ್ ಅದರ ಮೊದಲ ಮುಖ್ಯಸ್ಥರು. ಪಟ್ಟಣ ಹಿಗ್ಗಿದ್ದರಿಂದ 1957ರಲ್ಲಿ ಹಳೆಯ ಗೋಡೆಯನ್ನು ಕೆಡವಿ, ಹೆಬ್ಬಾಗಿಲುಗಳನ್ನಷ್ಟೇ ಉಳಿಸಿಕೊಳ್ಳಲಾಯಿತು.

1961ರ ಬಿಕ್ಕಟ್ಟು

1961ರ ಜೂನ್ 19ರಂದು ಹಳೆಯ ಒಪ್ಪಂದ ರದ್ದಾಗಿ ಕುವೈತ್ ಸ್ವತಂತ್ರವಾಯಿತು. ಕೇಳಿಕೊಂಡರೆ ನೆರವಾಗುವುದಾಗಿ ಬ್ರಿಟನ್ ಒಪ್ಪಿತ್ತು. ಆರೇ ದಿನಗಳಲ್ಲಿ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ, ಕುವೈತ್ ತನ್ನ ದೇಶದ ಭಾಗ ಎಂದು ಘೋಷಿಸಿದ. ಅಮೀರರ ಕೋರಿಕೆಯ ಮೇರೆಗೆ ಜುಲೈ 1ರಂದು ಎಚ್‌ಎಂಎಸ್ ಬುಲ್ವರ್ಕ್ ನೌಕೆಯಿಂದ ಬ್ರಿಟಿಷ್ ಕಮಾಂಡೊಗಳು ಬಂದಿಳಿದರು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೈನಿಕರ ಸಂಖ್ಯೆ ಏಳು ಸಾವಿರ ಮುಟ್ಟಿತು. ಮುತ್ಲಾ ದಿಬ್ಬದ ಮೇಲೆ ಕಂದಕ ತೋಡಿ ಕುಳಿತ ಅವರಿಗೆ ಎದುರಾದ ಶತ್ರು ಜುಲೈ ತಿಂಗಳ ಬಿಸಿಲು ಮಾತ್ರ. ಝಳ ತಾಳಲಾರದೆ ಹಲವರು ಆಸ್ಪತ್ರೆ ಸೇರಿದರು. ಇರಾಕ್ ದಾಳಿ ಮಾಡಲಿಲ್ಲ.

ಹೊಸದಾಗಿ ಸ್ವತಂತ್ರವಾದ ಅರಬ್ ದೇಶ ಹಳೆಯ ಯಜಮಾನನ ಬಂದೂಕಿನ ನೆರಳಲ್ಲಿ ನಿಲ್ಲುವುದು ಅರಬ್ ಜಗತ್ತಿನಲ್ಲಿ ಮುಜುಗರದ ಸಂಗತಿಯಾಗಿತ್ತು. ಅರಬ್ ಲೀಗ್ ಕುವೈತನ್ನು ಸದಸ್ಯನನ್ನಾಗಿ ಸೇರಿಸಿಕೊಂಡು ತನ್ನದೇ ಪಡೆ ಕಳಿಸಿತು. ಅಕ್ಟೋಬರ್ ಹೊತ್ತಿಗೆ ಬ್ರಿಟಿಷರು ತೆರಳಿದರು. 1963ರಲ್ಲಿ ಕಾಸಿಂ ಕ್ಷಿಪ್ರಕ್ರಾಂತಿಯಲ್ಲಿ ಕೊಲೆಯಾದ ಬಳಿಕ ಅದೇ ವರ್ಷದ ಅಕ್ಟೋಬರಿನಲ್ಲಿ ಇರಾಕ್ ಕುವೈತಿನ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು.

ಹಣ, ಆಯುಧ, ಸಮತೋಲನ (1961-1990)

ಮುಂದಿನ ಮೂರು ದಶಕಗಳಲ್ಲಿ ಕುವೈತ್ ಯಾರ ಕಣ್ಣಿಗೂ ಶತ್ರುವಾಗಿ ಕಾಣದಂತೆ ನಡೆದುಕೊಳ್ಳಲು ಯತ್ನಿಸಿತು. 1961ರ ಕೊನೆಯಲ್ಲಿ ಸ್ಥಾಪನೆಯಾದ ಅರಬ್ ಆರ್ಥಿಕಾಭಿವೃದ್ಧಿಯ ಕುವೈತ್ ನಿಧಿಯ ಮೂಲಕ ಬಡ ಅರಬ್ ದೇಶಗಳಿಗೆ ಸಾಲ ಕೊಟ್ಟಿತು. 1967 ಮತ್ತು 1973ರ ಅರಬ್-ಇಸ್ರೇಲ್ ಯುದ್ಧಗಳಿಗೆ ತುಕಡಿಗಳನ್ನು ಕಳಿಸಿತು. 1973ರ ಮಾರ್ಚಿನಲ್ಲಿ ಇರಾಕಿ ಪಡೆ ಗಡಿಯ ಸಮೀತಾ ಠಾಣೆಯನ್ನು ಹಿಡಿದಾಗ, ಒಳ್ಳೆಯತನವೊಂದೇ ಸಾಲದು ಎಂಬುದು ಮನದಟ್ಟಾಯಿತು. ತೈಲದ ಬೆಲೆ ಏರಿ ಬೊಕ್ಕಸ ತುಂಬಿದ ಆ ವರ್ಷಗಳಲ್ಲಿ ಬ್ರಿಟನ್ನಿನ ಚೀಫ್‌ಟನ್ ಟ್ಯಾಂಕು, ಅಮೆರಿಕದ ಸ್ಕೈಹಾಕ್ ಮತ್ತು ಫ್ರಾನ್ಸಿನ ಮಿರಾಜ್ ಎಫ್-1 ವಿಮಾನಗಳು ಬಂದವು. 1984ರಲ್ಲಿ ಅಮೆರಿಕ ಸ್ಟಿಂಗರ್ ಕ್ಷಿಪಣಿ ಕೊಡಲು ಒಪ್ಪದಿದ್ದಾಗ ಕುವೈತ್ ಸೋವಿಯತ್ ಒಕ್ಕೂಟದಿಂದ ಆಯುಧ ಕೊಂಡಿತು. ಎಲ್ಲ ದೊಡ್ಡ ರಾಷ್ಟ್ರಗಳಿಂದಲೂ ಕೊಂಡರೆ ಎಲ್ಲರಿಗೂ ತನ್ನ ಉಳಿವಿನಲ್ಲಿ ಪಾಲಿರುತ್ತದೆ ಎಂಬುದು ಇದರ ಹಿಂದಿನ ತರ್ಕ.

ಇರಾನ್-ಇರಾಕ್ ಯುದ್ಧದಲ್ಲಿ (1980-88) ಕುವೈತ್ ಇರಾಕಿಗೆ ಧಾರಾಳವಾಗಿ ಸಾಲ ಕೊಟ್ಟಿತು. ಇದರಿಂದ ಕೆರಳಿದ ಇರಾನ್ ಕುವೈತಿನ ತೈಲ ಹಡಗುಗಳ ಮೇಲೆ ದಾಳಿ ಮಾಡಿತು. 1987ರಲ್ಲಿ ಕುವೈತಿನ 11 ತೈಲ ಹಡಗುಗಳು ಅಮೆರಿಕದ ಧ್ವಜ ಏರಿಸಿಕೊಂಡು ಅಮೆರಿಕದ ನೌಕಾಪಡೆಯ ಕಾವಲಿನಲ್ಲಿ ಸಾಗತೊಡಗಿದವು. ಮೊದಲ ಸಾಲಿನಲ್ಲೇ ಹೊರಟ ಬ್ರಿಜ್‌ಟನ್ ಹಡಗು ಜುಲೈ 24ರಂದು ನೆಲಬಾಂಬಿನಂಥ ಜಲಸ್ಫೋಟಕಕ್ಕೆ ಸಿಕ್ಕಿತು. ಅದು ಮುಳುಗಲಿಲ್ಲ, ಬೆಂಗಾವಲೂ ನಿಲ್ಲಲಿಲ್ಲ.

1990ರ ಆಕ್ರಮಣ

ಯುದ್ಧದ ಸಾಲ, ತೈಲೋತ್ಪಾದನೆಯ ಪ್ರಮಾಣ, ಗಡಿಯ ರುಮೈಲಾ ತೈಲಕ್ಷೇತ್ರ ಇವುಗಳ ಸುತ್ತ ಜಗಳ ತೆಗೆದ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ 1990ರ ಜುಲೈನಲ್ಲಿ ಗಡಿಗೆ ಸೈನ್ಯ ಜಮಾಯಿಸಿದ. ಕೆರಳಿಸಿದಂತಾಗಬಾರದೆಂದು ಕುವೈತ್ ಸರ್ಕಾರ ತನ್ನ ಸೇನೆಯ ಕಟ್ಟೆಚ್ಚರವನ್ನು ಸಡಿಲಿಸಿತು. ಬೇಸಿಗೆ ರಜೆಯ ಕಾಲ. ಅನೇಕ ಸೈನಿಕರು ಊರಲ್ಲಿರಲಿಲ್ಲ. ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ರಿಪಬ್ಲಿಕನ್ ಗಾರ್ಡ್ ಗಡಿ ದಾಟಿತು.

ರಾಜಧಾನಿ ಒಂದೇ ದಿನದಲ್ಲಿ ಬಿದ್ದರೂ ಪ್ರತಿರೋಧವೇ ಇರಲಿಲ್ಲ ಎನ್ನಲಾಗದು. ಕರ್ನಲ್ ಸಾಲಿಂ ಅಲ್-ಸುರೂರ್ ನೇತೃತ್ವದ 35ನೇ ಕವಚಿತ ದಳ, ಕೈಗೆ ಸಿಕ್ಕಷ್ಟು ಚೀಫ್‌ಟನ್ ಟ್ಯಾಂಕುಗಳನ್ನು ಹೊರಡಿಸಿಕೊಂಡು ಜಹ್ರಾ ಬಳಿಯ ಹೆದ್ದಾರಿ ಮೇಲ್ಸೇತುವೆಗಳ ಹತ್ತಿರ ಹೊಂಚಿ ನಿಂತಿತು. ಎದುರಾಳಿಯೇ ಇಲ್ಲವೆಂದು ರಸ್ತೆಯ ಮೇಲೆ ಸಾಲಾಗಿ ಬರುತ್ತಿದ್ದ ಇರಾಕಿನ ಹಮ್ಮುರಾಬಿ ಡಿವಿಷನ್ನಿನ ವಾಹನಗಳ ಮೇಲೆ ಗುಂಡು ಹಾರಿಸಿ ಅದರ ಮುನ್ನಡೆಯನ್ನು ಕೆಲಹೊತ್ತು ತಡೆಯಿತು. ಮದ್ದುಗುಂಡು ಮುಗಿಯುತ್ತ ಬಂದು, ಸುತ್ತುವರಿಯುವ ಅಪಾಯ ಕಂಡಾಗ ಸೌದಿ ಗಡಿಯತ್ತ ಸರಿಯಿತು. ಇದನ್ನು ಸೇತುವೆಗಳ ಕದನ ಎನ್ನುತ್ತಾರೆ. ದಸ್ಮಾನ್ ಅರಮನೆಯ ಬಳಿ ಅಮೀರರ ತಮ್ಮ ಶೇಖ್ ಫಹದ್ ಅಲ್-ಅಹ್ಮದ್ ಹತರಾದರು. ಅಮೀರ್ ಜಾಬರ್ ಸೌದಿ ಅರೇಬಿಯ ಸೇರಿದ್ದರು. ವಾಯುನೆಲೆಯ ಓಡುದಾರಿ ಹಾಳಾಗಿದ್ದರಿಂದ ಸ್ಕೈಹಾಕ್ ವಿಮಾನಗಳು ಹತ್ತಿರದ ರಸ್ತೆಯಿಂದಲೇ ಮೇಲೇರಿದವು. ಇಸ್ತಿಕ್ಲಾಲ್ ಮತ್ತು ಸಂಬೂಕ್ ಎಂಬ ಎರಡು ಕ್ಷಿಪಣಿ ದೋಣಿಗಳೂ ತಪ್ಪಿಸಿಕೊಂಡವು.

ಅಂದು ಇರಾಕಿಗಳು ಅರಮನೆ ತಲುಪುವ ಮೊದಲೇ ಅಮೀರರು ಗಡಿಯತ್ತ ಹೊರಟದ್ದು ರಾಜಕೀಯವಾಗಿ ದೊಡ್ಡ ಸಂಗತಿ. ಕಾನೂನುಬದ್ಧ ಸರ್ಕಾರ ಜೀವಂತವಾಗಿ ಉಳಿದಿದ್ದರಿಂದ ವಿಶ್ವಸಂಸ್ಥೆಯ ಮುಂದೆ ಕುವೈತಿನ ಪರ ಮಾತಾಡುವವರಿದ್ದರು. ಅಮೆರಿಕದ ನಾಯಕತ್ವದ ಮಿತ್ರಕೂಟ 1991ರ ಜನವರಿ 17ರಂದು ಯುದ್ಧ ಆರಂಭಿಸಿದಾಗ ಕುವೈತಿನ ಸ್ಕೈಹಾಕ್‌ಗಳು ‘ಫ್ರೀ ಕುವೈತ್’ ಎಂದು ಬರೆಸಿಕೊಂಡು ಹಾರಿದವು. 35ನೇ ದಳ ಯುಗೊಸ್ಲಾವಿಯದ ಎಂ-84 ಟ್ಯಾಂಕುಗಳೊಂದಿಗೆ ಮರಳಿತು. ಫೆಬ್ರವರಿ 26ರಂದು ರಾಜಧಾನಿ ಬಿಡುಗಡೆಯಾಯಿತು. ಹಿಮ್ಮೆಟ್ಟುತ್ತ ಇರಾಕಿಗಳು 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿದ್ದರು. ಕೊನೆಯದನ್ನು ನಂದಿಸಿದ್ದು ನವೆಂಬರಿನಲ್ಲಿ.

1991ರ ನಂತರ

ಎಲ್ಲರೊಂದಿಗೂ ಸಮದೂರ ಎಂಬ ನೀತಿ ಅಲ್ಲಿಗೆ ಮುಗಿಯಿತು. 1991ರ ಸೆಪ್ಟೆಂಬರಿನಲ್ಲಿ ಅಮೆರಿಕದೊಂದಿಗೆ ರಕ್ಷಣಾ ಸಹಕಾರ ಒಪ್ಪಂದವಾಯಿತು. ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಗಳೊಂದಿಗೂ ಒಪ್ಪಂದಗಳಾದವು. ಅಮೆರಿಕ ತನ್ನ ಟ್ಯಾಂಕು, ವಾಹನಗಳನ್ನು ಕುವೈತಿನಲ್ಲೇ ದಾಸ್ತಾನು ಮಾಡಿತು. ಬಿಕ್ಕಟ್ಟು ಬಂದಾಗ ಸೈನಿಕರನ್ನು ಮಾತ್ರ ವಿಮಾನದಲ್ಲಿ ತಂದರೆ ಸಾಕು. 1994ರ ಅಕ್ಟೋಬರಿನಲ್ಲಿ ಇರಾಕ್ ಮತ್ತೆ ಗಡಿಯತ್ತ ಪಡೆ ಸರಿಸಿದಾಗ ಈ ಏರ್ಪಾಡು ಫಲ ಕೊಟ್ಟಿತು: ಅಮೆರಿಕದ ಪಡೆಗಳು ಬೇಗನೆ ಬಂದವು, ಇರಾಕ್ ಹಿಂದೆ ಸರಿದು ಮರುತಿಂಗಳು ವಿಶ್ವಸಂಸ್ಥೆ ಗುರುತಿಸಿದ್ದ ಗಡಿಯನ್ನು ಒಪ್ಪಿಕೊಂಡಿತು. 2003ರಲ್ಲಿ ಇರಾಕಿನ ಮೇಲೆ ಅಮೆರಿಕದ ಭೂದಾಳಿ ಹೊರಟದ್ದು ಕುವೈತಿನ ನೆಲದಿಂದ. ಆಗ ಇರಾಕ್ ಹಾರಿಸಿದ ಕ್ಷಿಪಣಿಯೊಂದು ರಾಜಧಾನಿಯ ಕಡಲತಡಿಯ ಸೂಕ್ ಶರ್ಕ್ ಮಾರುಕಟ್ಟೆ ಸಂಕೀರ್ಣದ ಬಳಿ ಬಿತ್ತು. 2004ರಲ್ಲಿ ಅಮೆರಿಕ ಕುವೈತನ್ನು ನ್ಯಾಟೊ ಹೊರಗಿನ ಪ್ರಮುಖ ಮಿತ್ರರಾಷ್ಟ್ರ ಎಂದು ಸಾರಿತು. ಕ್ಯಾಂಪ್ ಆರಿಫ್‌ಜಾನ್ ಮತ್ತು ಅಲಿ ಅಲ್-ಸಾಲಿಂ ವಾಯುನೆಲೆ ಸೇರಿದಂತೆ ದೇಶದ ನೆಲೆಗಳಲ್ಲಿ 2020ರ ದಶಕದ ಆರಂಭದಲ್ಲಿ ಸುಮಾರು 13,500 ಅಮೆರಿಕನ್ ಸೈನಿಕರು ಬೀಡುಬಿಟ್ಟಿದ್ದರು.

ಸ್ವಂತ ಪಡೆಗಳೂ ಹೊಸದಾದವು. 40 ಎಫ್-18 ಹಾರ್ನೆಟ್ ವಿಮಾನ, 218 ಅಬ್ರಾಮ್ಸ್ ಟ್ಯಾಂಕು, ಪೇಟ್ರಿಯಟ್ ಕ್ಷಿಪಣಿ ನಿರೋಧಕ ವ್ಯವಸ್ಥೆ ಬಂದವು. 2016ರಲ್ಲಿ ಇಟಲಿಯ ಮೂಲಕ 28 ಯೂರೋಫೈಟರ್ ಟೈಫೂನ್ ವಿಮಾನಗಳಿಗೂ ಫ್ರಾನ್ಸಿನಿಂದ 30 ಕ್ಯಾರಕಲ್ ಹೆಲಿಕಾಪ್ಟರುಗಳಿಗೂ ಬೇಡಿಕೆ ಸಲ್ಲಿಸಲಾಯಿತು.

ರಚನೆ ಮತ್ತು ಜನಬಲ

ಅಮೀರರು ಸಶಸ್ತ್ರ ಪಡೆಗಳ ಮಹಾದಂಡನಾಯಕರು. ಭೂಸೇನೆ, ವಾಯುಪಡೆ, ನೌಕಾಪಡೆಗಳು ರಕ್ಷಣಾ ಸಚಿವಾಲಯದ ಅಡಿಯಲ್ಲಿವೆ. 1967ರಲ್ಲಿ ರಚನೆಯಾದ ರಾಷ್ಟ್ರೀಯ ಗಾರ್ಡ್ ಪ್ರತ್ಯೇಕ. ಕರಾವಳಿ ಕಾವಲು ಪಡೆ ಗೃಹ ಸಚಿವಾಲಯದ್ದು. 2020ರ ದಶಕದ ಆರಂಭದಲ್ಲಿ ಸಕ್ರಿಯ ಸೈನಿಕರು ಸುಮಾರು 17,500. ಕೊಲ್ಲಿ ಸಹಕಾರ ಮಂಡಳಿಯ ಸಾಮೂಹಿಕ ಪಡೆಯಾದ ಪೆನಿನ್ಸುಲಾ ಶೀಲ್ಡ್‌ಗೂ ಕುವೈತ್ ತುಕಡಿ ಕೊಡುತ್ತದೆ.

ಹಣಕ್ಕೆ ಸಿಗದಿರುವುದು ಜನ. ಸುಮಾರು 48 ಲಕ್ಷ ನಿವಾಸಿಗಳಲ್ಲಿ ಪ್ರಜೆಗಳು ಮೂರನೇ ಒಂದು ಪಾಲಿನಷ್ಟು ಮಾತ್ರ. 1990ಕ್ಕೆ ಮುಂಚೆ ಕೆಳಸ್ತರದ ಸೈನಿಕರಲ್ಲಿ ಬಹುಪಾಲು ಪೌರತ್ವವಿಲ್ಲದ ಬಿದೂನ್ ಸಮುದಾಯದವರಿದ್ದರು. ಬಿಡುಗಡೆಯ ನಂತರ ಅವರ ನಿಷ್ಠೆಯನ್ನು ಶಂಕಿಸಿ ಬಹಳಷ್ಟು ಮಂದಿಯನ್ನು ತೆಗೆದುಹಾಕಲಾಯಿತು. 2001ರಲ್ಲಿ ನಿಂತಿದ್ದ ಕಡ್ಡಾಯ ಸೈನಿಕ ಸೇವೆ 2015ರ ಕಾನೂನಿನಂತೆ 2017ರಲ್ಲಿ ಮತ್ತೆ ಜಾರಿಗೆ ಬಂತು. 2021ರಲ್ಲಿ ಮಹಿಳೆಯರಿಗೂ ಸೇನೆಯ ಬಾಗಿಲು ತೆರೆಯಿತು.

ಭಾರತದೊಂದಿಗಿನ ಸಂಬಂಧ

1990ರ ಆಕ್ರಮಣದಲ್ಲಿ ಸಿಕ್ಕಿಬಿದ್ದವರಲ್ಲಿ ಕರಾವಳಿ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು. ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳು 1,70,000ದಷ್ಟು ಭಾರತೀಯರನ್ನು ಎರಡು ತಿಂಗಳ ಅವಧಿಯಲ್ಲಿ ಮುಂಬಯಿಗೆ ಕರೆತಂದವು. 2024ರ ಡಿಸೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಭೇಟಿಯ ವೇಳೆ ಎರಡೂ ದೇಶಗಳು ರಕ್ಷಣಾ ಸಹಕಾರದ ಒಡಂಬಡಿಕೆಗೆ ಸಹಿ ಹಾಕಿದವು.

ವಿಮರ್ಶೆ

ಕುವೈತಿನ ಚರಿತ್ರೆಯಲ್ಲಿ 1961 ಮತ್ತು 1994ರ ಬೆದರಿಕೆಗಳು ಯುದ್ಧವಾಗದೆ ಮುಗಿದದ್ದು ಮಿತ್ರನು ಶತ್ರುವಿಗಿಂತ ಮೊದಲು ತಲುಪಿದ್ದರಿಂದ. 1990ರಲ್ಲಿ ದೇಶ ಕೈತಪ್ಪಿದ್ದು ಯಾರನ್ನೂ ಮೊದಲೇ ಕರೆಯದೆ, ತನ್ನ ಸೇನೆಯನ್ನೂ ಸಜ್ಜಾಗಿಡದೆ ಇದ್ದುದರಿಂದ. ವಿದೇಶಿ ನೆಲೆಗಳು ಈ ಕೊರತೆ ನೀಗಿಸಿದರೂ ಮಿತ್ರನ ಯುದ್ಧಗಳಲ್ಲಿ ಆತಿಥೇಯನೂ ಗುರಿಯಾಗುವ ಅಪಾಯವನ್ನು ತಂದವು. ಗಡಿಯ ತಂಟೆಗಳೂ ಪೂರ್ತಿ ತೀರಿಲ್ಲ. ಖೋರ್ ಅಬ್ದುಲ್ಲಾ ಜಲಮಾರ್ಗದ ಬಳಕೆ ಕುರಿತ ಒಪ್ಪಂದವನ್ನು ಅನುಮೋದಿಸಿದ್ದ ಇರಾಕಿನ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ರದ್ದುಪಡಿಸಿದೆ. ಕೊಲ್ಲಿಯ ದುರ್ರಾ ಅನಿಲಕ್ಷೇತ್ರದಲ್ಲಿ ಇರಾನ್ ಪಾಲು ಕೇಳುತ್ತಿದೆ. ಇಂಥ ತಕರಾರುಗಳನ್ನು ಮಾತುಕತೆಯ ಮೇಜಿನಲ್ಲೇ ಹಿಡಿದಿಡುವುದು ಕುವೈತಿನ ರಕ್ಷಣೆಗೆ ಟ್ಯಾಂಕು, ವಿಮಾನಗಳಷ್ಟೇ ಮುಖ್ಯ.