ಹವ್ಯಕರ ಮಾತಿನಲ್ಲಿ ನಪುಂಸಕಲಿಂಗ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹವ್ಯಕ ಬ್ರಾಹ್ಮಣರ ಮನೆಗಳಲ್ಲಿ ಅಪ್ಪ 'ಬಂದ', ಅಮ್ಮ 'ಬಂತು'. ಮಾಣಿ ಎಂದರೆ ಹುಡುಗ, ಅವನು 'ಬಂದ'. ಕೂಸು ಎಂದರೆ ಹುಡುಗಿ, ಅದು 'ಬಂತು'. ಅಪ್ಪ ಮನೆಯಲ್ಲಿ 'ಇದ್ದ' ಎಂದರೆ ಇದ್ದಾನೆ, ಅಮ್ಮ ಮನೆಯಲ್ಲಿ 'ಇದ್ದು' ಎಂದರೆ ಇದ್ದಾಳೆ. ಕೊಟ್ಟಿಗೆಯಲ್ಲಿ ದನವೂ 'ಇದ್ದು', ಅಂಗಳದಲ್ಲಿ ಅಡಕೆಯೂ 'ಇದ್ದು'. ತೊಟ್ಟಿಲ ಹೆಣ್ಣುಮಗುವಿನಿಂದ ಹಿಡಿದು ಮುತ್ತಜ್ಜಿಯವರೆಗೆ ಒಬ್ಬ ಹೆಂಗಸಿನ ವಿಷಯ ಬಂದಾಗಲೆಲ್ಲ ಸರ್ವನಾಮ 'ಅದು', ಕ್ರಿಯಾಪದದ ಕೊನೆ ಅದಕ್ಕೆ ತಕ್ಕಂತೆ. ಪುಸ್ತಕದ ಕನ್ನಡದ 'ಅವಳು', 'ಬಂದಳು' ಈ ಮನೆಮಾತಿನ ಸಹಜ ರೂಪಗಳಲ್ಲ.

ಶಾಲೆಯ ವ್ಯಾಕರಣದ ಲೆಕ್ಕದಲ್ಲಿ 'ಬಂತು' ನಪುಂಸಕಲಿಂಗ. ಹಾಗಾದರೆ ಹವ್ಯಕರು ತಮ್ಮ ಹೆಂಗಸರನ್ನು ನಪುಂಸಕಲಿಂಗದಲ್ಲಿ ಕರೆಯುತ್ತಾರೆ ಎಂದು ಹೇಳಬೇಕಾಗುತ್ತದೆ. ಶಾಸ್ತ್ರದ ಮಟ್ಟಿಗೆ ಈ ಮಾತಿನಲ್ಲಿ ದೋಷವಿಲ್ಲ, ಆದರೆ ಕಿವಿಗೆ ಇದು ಬೈಗುಳದಂತೆ ಕೇಳುತ್ತದೆ. ಬಳಕೆಯ ಕನ್ನಡದಲ್ಲಿ 'ನಪುಂಸಕ' ಎಂದರೆ ಗಂಡಸುತನ ಇಲ್ಲದವನು ಎಂಬ ಹೀನಾಯದ ಅರ್ಥವಿದೆ. 'ಲಿಂಗ' ಎಂದರೂ ದೇಹದ ಗುರುತೇ ಮೊದಲು ನೆನಪಾಗುತ್ತದೆ, ಇಲ್ಲವೇ ಗುಡಿಯ ಶಿವಲಿಂಗ. ವ್ಯಾಕರಣದ ಹೆಸರಿನೊಳಕ್ಕೆ ಬಳಕೆಯ ಅರ್ಥ ನುಗ್ಗಿದ್ದರಿಂದ ಮಲೆನಾಡಿನ ಈ ರೂಢಿಗೆ ಸಲ್ಲದ ಅಪವಾದ ಬಂದಿದೆ.

ಸಂಸ್ಕೃತದಲ್ಲಿ 'ಲಿಂಗ' ಎಂದರೆ ಮೂಲತಃ ಗುರುತು, ಚಿಹ್ನೆ. ವೈಯಾಕರಣರು ಅದನ್ನು ಶಬ್ದದ ಗುರುತಿಗೆ ಬಳಸಿದರು. ಆ ಗುರುತಿಗೂ ವಸ್ತುವಿನ ಹೆಣ್ಣುಗಂಡಿಗೂ ಸಂಬಂಧ ಎಷ್ಟು ಸಡಿಲ ಎಂಬುದಕ್ಕೆ ಹೆಂಡತಿಯನ್ನು ಹೇಳುವ ಮೂರು ಶಬ್ದಗಳೇ ಸಾಕು. ಭಾರ್ಯಾ ಸ್ತ್ರೀಲಿಂಗ, ದಾರ ಪುಲ್ಲಿಂಗ, ಅದೂ ಬಹುವಚನದಲ್ಲೇ ಬರುವಂಥದ್ದು, ಕಲತ್ರ ನಪುಂಸಕಲಿಂಗ. ಹೆಂಗಸು ಒಬ್ಬಳೇ, ಲಿಂಗ ಮೂರು. ಸ್ನೇಹಿತನನ್ನು ಹೇಳುವ 'ಮಿತ್ರ' ನಪುಂಸಕ, ಗಂಡುದೇವರಿಗೂ ಸಲ್ಲುವ 'ದೇವತಾ' ಸ್ತ್ರೀಲಿಂಗ. ಯಾವ ಶಬ್ದ ಯಾವ ಲಿಂಗ ಎಂಬುದನ್ನು ಅರ್ಥದಿಂದ ಊಹಿಸಲಾಗದ್ದರಿಂದಲೇ ಅದನ್ನು ಬಾಯಿಪಾಠ ಮಾಡಬೇಕಾಯಿತು. ಅಮರಕೋಶವೆಂದು ಹೆಸರಾದ ಅಮರಸಿಂಹನ ನಿಘಂಟಿನ ನಿಜವಾದ ಹೆಸರೇ 'ನಾಮಲಿಂಗಾನುಶಾಸನ', ಹೆಸರುಗಳನ್ನೂ ಅವುಗಳ ಲಿಂಗಗಳನ್ನೂ ತಿಳಿಸುವ ಗ್ರಂಥ.

ಶಾಸ್ತ್ರದ ಲಿಂಗ ಬೇರೆ, ಲೋಕದ ಲಿಂಗ ಬೇರೆ ಎಂಬ ಅರಿವು ಎರಡು ಸಾವಿರ ವರ್ಷ ಹಳೆಯದು. ಪಾಣಿನಿಯ ಸ್ತ್ರೀಪ್ರತ್ಯಯಗಳ ಪ್ರಕರಣಕ್ಕೆ ಮಹಾಭಾಷ್ಯ ಬರೆಯುತ್ತ ಪತಂಜಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ. ಸ್ತನ, ಕೂದಲು, ರೋಮಗಳಂಥ ದೇಹದ ಗುರುತುಗಳಿಂದ ಹೆಣ್ಣು, ಗಂಡು, ಎರಡೂ ಅಲ್ಲದ್ದು ಎಂದು ಲೋಕ ವಿಂಗಡಿಸುತ್ತದೆ. ಈ ಲಕ್ಷಣವನ್ನು ಅವನು ಮುಂದಿಟ್ಟು ಪರೀಕ್ಷಿಸುತ್ತಾನೆ. ಮಂಚವನ್ನು ಹೇಳುವ 'ಖಟ್ವಾ' ಸ್ತ್ರೀಲಿಂಗ, ಮರವನ್ನು ಹೇಳುವ 'ವೃಕ್ಷ' ಪುಲ್ಲಿಂಗ. ಮಂಚಕ್ಕೆ ಹೆಣ್ಣಿನ ಗುರುತು ಎಲ್ಲಿದೆ, ಮರಕ್ಕೆ ಗಂಡಿನ ಗುರುತು ಎಲ್ಲಿದೆ? ಆದ್ದರಿಂದ ವೈಯಾಕರಣರು ಲೌಕಿಕ ಲಿಂಗವನ್ನು ಹಿಡಿಯಲಾಗದು, ತಮ್ಮದೇ ಸಿದ್ಧಾಂತ ಕಟ್ಟಿಕೊಳ್ಳಬೇಕು ಎಂಬ ನಿಲುವಿಗೆ ಅವನು ಬರುತ್ತಾನೆ. ಈ ಚರ್ಚೆಯ ಬೆಲೆ ದೊಡ್ಡದು. ಕನ್ನಡದ ಪಠ್ಯಪುಸ್ತಕಗಳು ಪಾರಿಭಾಷಿಕ ಪದಗಳನ್ನು ಸಂಸ್ಕೃತದಿಂದ ತಂದುಕೊಂಡವು, ಈ ಎಚ್ಚರವನ್ನು ತರಲಿಲ್ಲ.

ಕನ್ನಡದ ವ್ಯವಸ್ಥೆ ಸಂಸ್ಕೃತದ್ದಲ್ಲ. ಇಲ್ಲಿ ಮರ, ಮಂಚ, ಹೊಳೆ, ಹಸು ಎಲ್ಲವೂ 'ಅದು'. ಮನುಷ್ಯರು ಮತ್ತು ದೇವತೆಗಳಲ್ಲಿ ಮಾತ್ರ ಹೆಣ್ಣುಗಂಡಿನ ಭೇದ. 1260ರ ಸುಮಾರಿನ 'ಶಬ್ದಮಣಿದರ್ಪಣ'ದಲ್ಲಿ ಕೇಶಿರಾಜ ಸಂಸ್ಕೃತದ ಮಾದರಿಯಲ್ಲಿ ಒಂಬತ್ತು ಲಿಂಗಗಳನ್ನು ಎಣಿಸಿದರೂ ಕನ್ನಡದ ಕೆಲಸ ನಡೆಯುವುದು ಮೂರರಿಂದಲೇ. ಸಾಗರದ ಘಟ್ಟದ ಕೆಳಗೆ, ಭಟ್ಕಳದ ಹತ್ತಿರದ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದ. ಇಬ್ಬರೂ ಲಕ್ಷಣ ಹೇಳಿದ್ದು ಕಾವ್ಯದ ಭಾಷೆಗೆ. ಮನೆಯೊಳಗಿನ 'ಅಮ್ಮ ಬಂತು' ಅವರ ಗ್ರಂಥಗಳ ವಿಷಯವಾಗಿರಲಿಲ್ಲ.

ನೆರೆಯ ಭಾಷೆಗಳ ವೈಯಾಕರಣರು ಬೇರೆ ದಾರಿ ಹಿಡಿದಿದ್ದರು. ತಮಿಳಿನ ತೊಲ್ಕಾಪ್ಪಿಯಂ ನಾಮಗಳನ್ನು ಉಯರ್‌ತಿಣೈ, ಅಃರಿಣೈ ಎಂದು ಎರಡು ವರ್ಗ ಮಾಡಿ, ಮನುಷ್ಯರನ್ನು ಮೊದಲನೆಯದರಲ್ಲೂ ಉಳಿದದ್ದನ್ನು ಎರಡನೆಯದರಲ್ಲೂ ಇಟ್ಟಿತು. ತೆಲುಗಿನವರು ಗಂಡಸರ ಹೆಸರುಗಳಿಗೆ 'ಮಹತ್ತು', ಉಳಿದವಕ್ಕೆ 'ಅಮಹತ್ತು' ಎಂದರು. 1858ರ 'ಬಾಲವ್ಯಾಕರಣ'ದಲ್ಲಿ ಚಿನ್ನಯಸೂರಿ ಹೆಂಗಸರಿಗೆಂದು 'ಮಹತಿ' ಎಂಬ ಹೆಸರನ್ನೂ ಬಳಸಿದ. ತೆಲುಗಿನ ಏಕವಚನದಲ್ಲಿ ಹೆಂಗಸು ಬಂದರೂ ಹಸು ಬಂದರೂ ಕ್ರಿಯಾಪದ ಒಂದೇ, 'ವಚ್ಚಿಂದಿ'. ಹವ್ಯಕದ 'ಬಂತು' ಇದರದೇ ಜೋಡಿ. 'ಮಹತ್ತು' ಎಂದರೆ ಹಿರಿದಾದದ್ದು. ಗಂಡಸಿಗೆ ಆ ಹೆಸರು ಕೊಟ್ಟದ್ದರಲ್ಲಿ ಒಂದು ತಾರತಮ್ಯ ಖಂಡಿತ ಇದೆ. ಆದರೆ ಅದು ಹೆಸರು ಕೊಟ್ಟವರ ತಾರತಮ್ಯ, ಪ್ರತ್ಯಯದ ಮೇಲೆ ಅದನ್ನು ಹೊರಿಸಲಾಗದು.

ಮಲೆನಾಡಿನ ಬರಹದ ಭಾಷೆಯಲ್ಲಿ ಸ್ತ್ರೀಲಿಂಗ ಮೊದಲಿನಿಂದ ಇತ್ತು. ಹೊಸನಗರ ತಾಲೂಕಿನ ಹೊಂಬುಜದಲ್ಲಿ, ಈಗಿನ ಹುಂಚದಲ್ಲಿ, ಸಾಂತರರ ಕಾಲದ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದ್ದು ಚಟ್ಟಲದೇವಿ. ಆ ಕಾಲದ ಶಾಸನದ ಹಳಗನ್ನಡ ಹೆಂಗಸಿಗೆ 'ಅಳ್' ಪ್ರತ್ಯಯವನ್ನು ತಪ್ಪದೆ ಹಚ್ಚುವ ಭಾಷೆ. ಮುಂದೆ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕರ ಕಾಲದಲ್ಲಿ ಚೆನ್ನಮ್ಮಾಜಿ, ವೀರಮ್ಮಾಜಿಯರು ಗದ್ದುಗೆ ಏರಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಆ ಅರಮನೆಯ ಕಾಗದಪತ್ರ ನಡೆದದ್ದು ಬರಹದ ಕನ್ನಡದಲ್ಲೇ. ಈ ಮೂರೂ ತಾಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಆಡುಮಾತನ್ನು ಬರೆದಿಡುವ ಕೆಲಸಕ್ಕೆ ಅಂಥ ಭಾಗ್ಯ ಬೇಗ ಒದಗಲಿಲ್ಲ. ಗ್ರಿಯರ್ಸನ್‌ನ ಭಾರತೀಯ ಭಾಷಾ ಸಮೀಕ್ಷೆಯ ವ್ಯಾಪ್ತಿಯಿಂದ ಮೈಸೂರು ಸಂಸ್ಥಾನ ಹೊರಗುಳಿದದ್ದರಿಂದ ಸಾಗರದ ಹವ್ಯಕವೂ ಹೊರಗುಳಿಯಿತು. ಹವ್ಯಕಕ್ಕೆ ವಿವರಣಾತ್ಮಕ ವ್ಯಾಕರಣ ಬಂದದ್ದು 1971ರಲ್ಲಿ, ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರಿಂದ, ಪುಣೆಯ ಡೆಕ್ಕನ್ ಕಾಲೇಜಿನ ಪ್ರಕಟಣೆಯಾಗಿ.

ಈ ರೂಢಿ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ದ್ರಾವಿಡ ಭಾಷೆಗಳ ಹೋಲಿಕೆ ಬೆಳಕು ಚೆಲ್ಲುತ್ತದೆ. ತೆಲುಗು, ಗೋಂಡಿ, ಕುಯಿ, ಕೊಲಾಮಿ ಭಾಷೆಗಳಲ್ಲಿ ಏಕವಚನದ ಭೇದ ಎರಡೇ: ಗಂಡಸು, ಗಂಡಸಲ್ಲದ್ದು. ತಮಿಳು, ಮಲಯಾಳ, ಕನ್ನಡಗಳಂಥ ದಕ್ಷಿಣದ ಭಾಷೆಗಳಲ್ಲಿ 'ಅವಳ್' ಎಂಬ ಮೂರನೆಯ ರೂಪ ನೆಲೆಯೂರಿದೆ. ಮೂಲದ್ರಾವಿಡದಲ್ಲಿದ್ದದ್ದು ಎರಡರ ಭೇದ, 'ಅವಳ್' ದಕ್ಷಿಣದ ಶಾಖೆ ಮುಂದೆ ಕಟ್ಟಿಕೊಂಡದ್ದು ಎಂಬುದು ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರ ನಿಲುವು. ಇಷ್ಟರಿಂದ ಹವ್ಯಕವನ್ನು ಆ ಹಳೆಯ ಸ್ಥಿತಿಯ ಪಳೆಯುಳಿಕೆ ಎಂದು ಕೂಡಲೇ ಸಾರುವುದು ಆತುರವಾದೀತು. ಹವ್ಯಕವೂ ಕನ್ನಡದ್ದೇ ಕವಲು, ಕನ್ನಡದ ಅತಿ ಹಳೆಯ ಬರಹಗಳಲ್ಲೂ ಸ್ತ್ರೀಲಿಂಗವಿದೆ. ಹಾಗಾಗಿ ಇದ್ದ ಭೇದ ಆಡುಮಾತಿನಲ್ಲಿ ಅಳಿಸಿರಲೂ ಸಾಧ್ಯ. 'ಮಗಳು' ಎಂಬ ಪದದ 'ಅಳು' ಹವ್ಯಕದಲ್ಲಿ ಉಳಿದಿದೆ ಎಂಬುದನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸಬಹುದು. ಆದರೆ ತೆಲುಗಿನಲ್ಲೂ ಸೊಸೆಗೆ 'ಕೋಡಲು' ಎನ್ನುತ್ತಾರೆ, ಅದರ ಕ್ರಿಯಾಪದ ಮಾತ್ರ 'ವಚ್ಚಿಂದಿ'ಯೇ. ಹೆಸರಿನ ಪ್ರತ್ಯಯ ಒಂದು ದಾರಿ, ಕ್ರಿಯಾಪದದ ಹೊಂದಾಣಿಕೆ ಇನ್ನೊಂದು ದಾರಿ ಹಿಡಿಯುವುದುಂಟು. ವ್ಯಾಕರಣದ ಲಿಂಗ ನಿಜವಾಗಿ ಕಾಣಿಸುವುದು ಈ ಎರಡನೆಯದರಲ್ಲಿ.

ಹೆಂಗಸನ್ನು 'ಅದು' ಎನ್ನುವುದು ಅಗೌರವವೇ ಎಂಬ ಪ್ರಶ್ನೆಗೂ ಉತ್ತರ ಈ ಮನೆಮಾತಿನಲ್ಲೇ ಇದೆ. ಹವ್ಯಕ ಮನೆಗಳಲ್ಲಿ ಅಪ್ಪ, ಭಾವ, ಅಜ್ಜ ಯಾರಾದರೂ 'ಬಂದ'ನೇ, 'ಬಂದರು' ಎಂಬ ಬಹುವಚನದ ಮರ್ಯಾದೆ ಮನೆಯೊಳಗೆ ಅನಿವಾರ್ಯವಲ್ಲ. ಹಿರಿಯ ಗಂಡಸಿಗೆ ಏಕವಚನ ಹೇಗೆ ಅವಮಾನವಲ್ಲವೋ ಹಾಗೆಯೇ ಹಿರಿಯ ಹೆಂಗಸಿಗೆ 'ಅದು' ಅವಮಾನವಲ್ಲ. ಹಲವರನ್ನು ಹೇಳುವ 'ಅವು' ಪುಸ್ತಕದ ಕನ್ನಡದಲ್ಲಿ ನಪುಂಸಕದ ಬಹುವಚನ, ಹವ್ಯಕದಲ್ಲಿ ಅದು ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ. ರೂಪವನ್ನು ನೋಡಿ ನಪುಂಸಕವೆಂದು ಹೆಸರಿಡುವುದಾದರೆ ಗಂಡಸರೂ ಆ ಹೆಸರಿನಿಂದ ತಪ್ಪಿಸಿಕೊಳ್ಳಲಾರರು. ಚಿಕ್ಕ ಹುಡುಗಿಯರನ್ನು ಅಕ್ಕರೆಯಿಂದ 'ಅದು' ಎನ್ನುವುದು ಹವ್ಯಕರಲ್ಲದ ಕನ್ನಡಿಗರಲ್ಲೂ ಉಂಟು. ಹವ್ಯಕದಲ್ಲಿ ಅದಕ್ಕೆ ವಯಸ್ಸಿನ ಮಿತಿ ಇಲ್ಲ, ಅಷ್ಟೇ.

'ನಪುಂಸಕ' ಪದವನ್ನು ಬಿಡಿಸಿದರೆ ಸಿಗುವುದು 'ಪುಮಾನ್ ಅಲ್ಲದ್ದು', ಗಂಡಲ್ಲದ್ದು. ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬುದು ಸಂಸ್ಕೃತ ವ್ಯಾಖ್ಯಾನಕಾರರು ಕೊಟ್ಟ ವಿವರಣೆ. ಪದದ ಅವಯವಾರ್ಥವನ್ನಷ್ಟೇ ಹಿಡಿದರೆ ಹವ್ಯಕದ ವರ್ಗಕ್ಕೆ ಅದು ಸಂಸ್ಕೃತಕ್ಕಿಂತ ಚೆನ್ನಾಗಿ ಒಪ್ಪುತ್ತದೆ: ಹೆಂಗಸು, ಹಸು, ಅಡಕೆ, ಮಳೆ ಎಲ್ಲವೂ ಇಲ್ಲಿ ಗಂಡಲ್ಲದ್ದರ ಒಂದೇ ಗುಂಪು. ಬಳಕೆಯ ಹೀನಾರ್ಥಕ್ಕೆ ಈ ವರ್ಗೀಕರಣದಲ್ಲಿ ಜಾಗವೇ ಇಲ್ಲ.

ಶಾಲೆಯ ಪಾಠ ಶಾಸ್ತ್ರದ ಲಿಂಗಕ್ಕೂ ಲೋಕದ ಲಿಂಗಕ್ಕೂ ಇರುವ ಭೇದವನ್ನು ಬಿಡಿಸಿ ಹೇಳುವ ಬದಲು ಇನ್ನಷ್ಟು ಕಲಸಿತು. ಅನ್ಯಲಿಂಗ ರೂಪ ಬರೆಯುವ ಅಭ್ಯಾಸದಲ್ಲಿ ರಾಜನಿಗೆ ರಾಣಿ ಇದ್ದಂತೆ ಹೋರಿಗೆ ಹಸು, ಹುಂಜಕ್ಕೆ ಹೇಂಟೆ ಇರುತ್ತವೆ. ಹೋರಿ ಬಂದರೂ ಹಸು ಬಂದರೂ ಕನ್ನಡದಲ್ಲಿ 'ಬಂತು'. ಅವೆರಡರ ವ್ಯಾಕರಣದ ಲಿಂಗ ಒಂದೇ, ಬೇರೆಯಾಗಿರುವುದು ಪ್ರಾಣಿಯ ಹೆಣ್ಣುಗಂಡು. ಕನ್ನಡ ವ್ಯಾಕರಣ ಸಂಸ್ಕೃತದ ಎರವಲು ಚೌಕಟ್ಟನ್ನು ಬಿಟ್ಟು ಕನ್ನಡದ ಒಳಗಿನಿಂದಲೇ ರಚನೆಯಾಗಬೇಕು ಎಂದು ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದಲ್ಲಿ ವಾದಿಸಿದರು. ಅವರ ಮನೆಮಾತೂ ಹವ್ಯಕವೇ. ಸಾಗರ, ಹೊಸನಗರಗಳ ಹವ್ಯಕರು ಶಾಲೆ, ಕಚೇರಿ, ಪೇಟೆಗಳಲ್ಲಿ 'ಅವಳು ಬಂದಳು', 'ಅವರು ಬಂದರು' ಎಂದು ಪುಸ್ತಕದ ರೂಪಗಳನ್ನೇ ಆಡುತ್ತಾರೆ, ಮನೆಗೆ ಬಂದ ಮೇಲೆ 'ಅಮ್ಮ ಬಂತು' ಎನ್ನುತ್ತಾರೆ.