ಕೊಡಗಿನ ಆಡಳಿತ ಮತ್ತು ಜನಸಂಖ್ಯೆ: ಒಂದು ಚಾರಿತ್ರಿಕ ಅವಲೋಕನ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ನಾವು ನೆಲೆಸಿರುವ ಕೊಡಗು ನಾಡನ್ನು ಯಾರು ಆಳಿದರು, ಇಲ್ಲಿಯ ಜನಸಂಖ್ಯೆ ಹೇಗೆ ಏರಿಳಿಯಿತು ಎಂಬುದನ್ನು ಸಂಕ್ಷೇಪವಾಗಿ ಅವಲೋಕಿಸುವುದು ಉಚಿತವೆಂದು ಭಾವಿಸುತ್ತೇವೆ.

ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು 1792ರಲ್ಲಿ ವಿರಾಜಪೇಟೆಯನ್ನು ಸ್ಥಾಪಿಸಿ, ಟಿಪ್ಪುವಿನ ರಾಜ್ಯದಿಂದ ಆಶ್ರಯ ಅರಸಿ ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಒದಗಿಸಿದನು. ಸಂತ ಅನ್ನಮ್ಮನವರ ದೇವಾಲಯವು ಆ ಔದಾರ್ಯದ ಸಾಕ್ಷಿಯಾಗಿ ನಿಂತಿದೆ. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಲು, ನಾಡು ಆಂಗ್ಲರ ವಶವಾಯಿತು. ಗ್ರಾಮಕ್ಕೆ ಪಟೇಲ, ನಾಡಿಗೆ ಪಾರುಪತ್ತೆಗಾರ, ತಾಲ್ಲೂಕಿಗೆ ಸುಬೇದಾರ ಎಂಬ ಕ್ರಮದಲ್ಲಿ ಆಡಳಿತ ನಡೆಯಿತು. 1881ರ ನಂತರ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರಾಗಿ, ಬೆಂಗಳೂರಿನಿಂದಲೇ ಅಧಿಕಾರ ನಡೆಸಿದರು.

1854ರ ಬಳಿಕ ಕಾಫಿ ತೋಟಗಳು ಹಬ್ಬಿದಂತೆ ಮೈಸೂರು, ದಕ್ಷಿಣ ಕನ್ನಡ, ಮಲಬಾರು ಮತ್ತು ತಮಿಳು ಸೀಮೆಗಳಿಂದ ಕೂಲಿಕಾರರು ಬಂದರು. ಆದರೂ ಜನಸಂಖ್ಯೆ ಬೆಳೆಯಲಿಲ್ಲ. 1871ರಲ್ಲಿ 1,68,312 ಇದ್ದ ಜನರು, ಎಪ್ಪತ್ತು ವರ್ಷಗಳ ನಂತರ 1941ರಲ್ಲಿ 1,68,726 ಮಾತ್ರ! ಮಲೇರಿಯಾ ಜ್ವರವು ಅನೇಕರನ್ನು ಬಲಿ ತೆಗೆದುಕೊಂಡಿತು. 1918ರ ಇನ್‌ಫ್ಲುಯೆಂಜಾ ಪಿಡುಗೂ ಅದರೊಡನೆ ಕೂಡಿತು. ತೋಟದ ಕೆಲಸ ಮುಗಿದೊಡನೆ ಊರಿಗೆ ಮರಳುವ ಕೂಲಿಕಾರರಿಂದಲೂ ಎಣಿಕೆ ಏರಿಳಿಯುತ್ತಿತ್ತು. ಡಿ.ಡಿ.ಟಿ. ಸಿಂಪಡಣೆಯಿಂದ ಜ್ವರ ಹಿಮ್ಮೆಟ್ಟಿದ ಮೇಲೆಯೇ ಸಂಖ್ಯೆ ಶೀಘ್ರವಾಗಿ ಏರಿ, 2001ರಲ್ಲಿ 5,48,561 ಆಯಿತು.

ಸ್ವಾತಂತ್ರ್ಯಾನಂತರ ಕೊಡಗು 'ಸಿ' ವರ್ಗದ ಪ್ರತ್ಯೇಕ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ 15ನ್ನು ಕಾಂಗ್ರೆಸ್ ಪಡೆದು, ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಉಳಿದ 9 ಸ್ಥಾನಗಳು ವಿಲೀನವನ್ನು ವಿರೋಧಿಸಿದ ತಕ್ಕಡಿ ಗುರುತಿನವರಿಗೆ ದೊರೆತವು. ಆದರೂ 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

ಅಂದು 24 ಶಾಸಕರನ್ನು ಆರಿಸಿದ್ದ ನಾಡಿಗೆ ಕಾಲಾಂತರದಲ್ಲಿ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2008ರ ಪುನರ್ವಿಂಗಡಣೆಯಿಂದ ಮಡಿಕೇರಿ, ವಿರಾಜಪೇಟೆ ಎಂಬ ಎರಡು ಮಾತ್ರ ಉಳಿದವು. ಇದಕ್ಕೆ ವ್ಯತಿರಿಕ್ತವಾಗಿ ಪೊನ್ನಂಪೇಟೆ, ಕುಶಾಲನಗರಗಳು ಸೇರಿ ತಾಲ್ಲೂಕುಗಳು ಮೂರರಿಂದ ಐದಾಗಿವೆ. ಕಚೇರಿ ಹತ್ತಿರ ಬಂದಿದೆ. ನಮ್ಮ ಧ್ವನಿ ಮಾತ್ರ ಕ್ಷೀಣಿಸಿದೆ.

ಕಾರಣ ಸ್ಪಷ್ಟ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಹತ್ತು ವರ್ಷಗಳಲ್ಲಿ ಏರಿಕೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ನೂರರಲ್ಲಿ 85 ಮಂದಿ ಗ್ರಾಮವಾಸಿಗಳೇ. ನಮ್ಮ ಯುವಜನರು ಬೆಂಗಳೂರು, ಮೈಸೂರುಗಳತ್ತ ತೆರಳುತ್ತಿದ್ದಾರೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಎಷ್ಟೋ ಕುಟುಂಬಗಳು ಮನೆಮಠ ಕಳೆದುಕೊಂಡವು. ತೋಟಗಳಲ್ಲಿ ಇಂದು ಅಸ್ಸಾಂ, ಬಂಗಾಳಗಳಿಂದ ಬಂದವರು ದುಡಿಯುತ್ತಿದ್ದಾರೆ.

ಜನಗಣತಿಯ ಪಟ್ಟಿಯಲ್ಲಿ ಕೂಲಿಕಾರನು ಒಂದು ಅಂಕಿ. ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿ ಅವನ ಮಗುವಿಗೆ ಹೆಸರುಂಟು, ತಂದೆತಾಯಿಗಳುಂಟು. ಪ್ರಭು ಯೇಸುವಿನ ಜನನವೂ ಒಂದು ಜನಗಣತಿಯ ಕಾಲದಲ್ಲಿ, ಪರಸ್ಥಳದಲ್ಲಿಯೇ ಆಯಿತೆಂಬುದನ್ನು ಸ್ಮರಿಸೋಣ. ನಮ್ಮ ಪೂರ್ವಿಕರಲ್ಲಿಯೂ ಅನೇಕರು ಈ ನಾಡಿಗೆ ಹೊರಗಿನಿಂದ ಬಂದವರೇ. ಆದುದರಿಂದ ಗಣತಿದಾರರು ಬಂದಾಗ ತೋಟದ ಸಾಲುಮನೆಗಳ ಒಬ್ಬರೂ ಬಿಟ್ಟುಹೋಗದಂತೆ ಎಚ್ಚರ ವಹಿಸುವುದೂ, ಅವರ ಹೆಸರು ಹಿಡಿದು ಕರೆಯುವಷ್ಟು ಅವರನ್ನು ಅರಿಯುವುದೂ ಈ ಶತಮಾನೋತ್ಸವ ವರ್ಷದಲ್ಲಿ ನಮ್ಮೆಲ್ಲರ ಕರ್ತವ್ಯವಾಗಿದೆ.